ಮೊದಲ ಬೆಂಕಿ ಯಾವಾಗ? ಸೌದೆ ಒಲೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಸೆಪ್ಟೆಂಬರ್ ಬಂತೆಂದರೆ ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರಿಂದ ಒಲೆಯ ಪ್ರಶ್ನೆಗಳು ಬರತೊಡಗುತ್ತವೆ. ಅಲ್ಲಿನದು ನಮ್ಮ ಬಚ್ಚಲುಮನೆಯ ಹಂಡೆ ಒಲೆಯಲ್ಲ. ಗಾಜಿನ ಬಾಗಿಲು, ಗಾಳಿ ಹೆಚ್ಚು ಕಡಿಮೆ ಮಾಡುವ ಹಿಡಿ, ಮಾಡಿನಿಂದ ಮೇಲೆದ್ದ ಚಿಮಣಿ ಇರುವ ಕಬ್ಬಿಣದ ಒಲೆ. ಮನೆ ಬೆಚ್ಚಗಿಡುವುದೇ ಅದರ ಕೆಲಸ. ಈ ಸಲ ಮಡಿಕೇರಿಯಿಂದಲೂ ಒಂದು ಪತ್ರ ಬಂದಿದೆ.

ಪ್ರಶ್ನೆ: ಈ ವರ್ಷ ಬೇಸಿಗೆಯಲ್ಲಿ ಮನೆ ಕೊಂಡೆವು. ಹಾಲಿನಲ್ಲಿ ಸೌದೆ ಒಲೆ ಇದೆ. ಸೆಪ್ಟೆಂಬರ್ ಕೊನೆಗೇ ಬೆಳಿಗ್ಗೆ ಮನೆಯೊಳಗೆ 16 ಡಿಗ್ರಿ. ಯಜಮಾನರು ಅಕ್ಟೋಬರ್ 15ರ ತನಕ ಮುಟ್ಟುವುದು ಬೇಡ ಅನ್ನುತ್ತಾರೆ. ಪಕ್ಕದ ಮನೆಯವರು ಆಗಲೇ ಹಚ್ಚಿದ್ದಾರೆ. ಸರಿಯಾದ ದಿನ ಯಾವುದು?
ಬರ್ಲಿಂಗ್ಟನ್, ವರ್ಮಾಂಟ್

ಉತ್ತರ: ತಾರೀಖು ನೋಡಿ ಹಚ್ಚುವಂಥದ್ದಲ್ಲ ಇದು. ನೋಡಬೇಕಾದ್ದು ಮೂರು ಅಂಕಿ. ಸಂಜೆ ಏಳರ ಹೊತ್ತಿಗೆ ಹೊರಗೆ 10 ಡಿಗ್ರಿಗಿಂತ (ಫ್ಯಾರನ್‌ಹೀಟ್‌ನಲ್ಲಿ 50) ಕಡಿಮೆ ಇರಬೇಕು, ಮನೆಯೊಳಗೆ 18ಕ್ಕಿಂತ ಕೆಳಗಿರಬೇಕು, ಮರುದಿನ ಮಧ್ಯಾಹ್ನವೂ 15 ದಾಟುವುದಿಲ್ಲ ಎಂದು ಹವಾಮಾನ ವರದಿ ಹೇಳಬೇಕು. ಮೂರೂ ಕೂಡಿಬಂದ ಸಂಜೆ ಹಚ್ಚಿ. ಅದು ಸೆಪ್ಟೆಂಬರ್ 25 ಆದರೂ ಸರಿ, ಅಕ್ಟೋಬರ್ 20 ಆದರೂ ಸರಿ. ಬೆಳಿಗ್ಗೆ ಮಾತ್ರ ಚಳಿ, ಮಧ್ಯಾಹ್ನ 20 ಡಿಗ್ರಿ ಬಿಸಿಲು ಎಂಬಂಥ ದಿನಗಳಲ್ಲಿ ಒಲೆಯ ಗೊಡವೆ ಬೇಡ. ದಕ್ಷಿಣದ ಕಿಟಕಿಗಳ ಪರದೆ ಸರಿಸಿಟ್ಟು ಬಿಸಿಲು ಒಳಗೆ ಬಿಡಿ, ಇಳಿಹೊತ್ತಿಗೆ ಕಿಟಕಿ ಮುಚ್ಚಿಬಿಡಿ. ಬೆಳಗಿನ ಒಂದು ಗಂಟೆಯ ಚಳಿಗೆ ಮನೆಯಲ್ಲಿರುವ ಫರ್ನೇಸೋ ಹೀಟ್ ಪಂಪೋ ಸಾಕು.

ಬೇಗ ಹಚ್ಚಿದರೆ ಸೌದೆ ದಂಡವಾಗುತ್ತದೆ ಎಂಬುದಷ್ಟೇ ಇಲ್ಲಿನ ತೊಂದರೆಯಲ್ಲ. ಮಧ್ಯಮ ಗಾತ್ರದ ಒಲೆ ಜೋರಾಗಿ ಉರಿದರೆ 10ರಿಂದ 12 ಕಿಲೋವ್ಯಾಟ್ ಶಾಖ ಕೊಡುತ್ತದೆ. ಹೊರಗೆ 10 ಡಿಗ್ರಿ ಇರುವಾಗ ಗೋಡೆ, ಅಟ್ಟಕ್ಕೆ ಚೆನ್ನಾಗಿ ಇನ್ಸುಲೇಶನ್ ಮಾಡಿಸಿದ ಮನೆಗೆ ಬೇಕಾಗುವುದು 2 ಅಥವಾ 3. ಅರ್ಧ ಗಂಟೆಯಲ್ಲಿ ಹಾಲಿನಲ್ಲಿ ಕೂರಲಾಗುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ: ಗಾಳಿಯ ಹಿಡಿ ಪೂರ್ತಿ ಮುಚ್ಚುವುದು. ಉರಿ ಸತ್ತು ಸೌದೆ ಹೊಗೆಯಾಡತೊಡಗುತ್ತದೆ, ಉರಿಯದ ಹೊಗೆ ತಣ್ಣಗಿನ ಚಿಮಣಿಯ ಗೋಡೆಗೆ ತಗುಲಿ ಟಾರಿನಂಥ ಕಪ್ಪು ಜಿಡ್ಡಾಗಿ ಅಂಟುತ್ತದೆ. ಇದೇ ಕ್ರಿಯೊಸೋಟ್. ಜನವರಿಯಲ್ಲಿ ಚಿಮಣಿಗೆ ಬೆಂಕಿ ಹತ್ತಿದರೆ ಅದಕ್ಕೆ ಬೇಕಾದ ಎಣ್ಣೆಯನ್ನು ನಾವೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸವರಿಟ್ಟಿರುತ್ತೇವೆ.

ಆದ್ದರಿಂದ ಈ ಎರಡು ತಿಂಗಳ ಬೆಂಕಿ ಚಿಕ್ಕದಾಗಿರಲಿ, ಆದರೆ ಜೋರಾಗಿ ಉರಿಯಲಿ. ಮಣಿಕಟ್ಟಿನಷ್ಟು ದಪ್ಪದ ಸೀಳುಗಳು, ಒಟ್ಟು ಎರಡೂವರೆಯಿಂದ ಮೂರು ಕಿಲೋ. ಒಣಗಿದ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ. ಒಲೆಯ ದಕ್ಷತೆ ಕಳೆದು ಮನೆಗೆ ಸಿಗುವುದು 3. ಮೂರು ಕಿಲೋಗೆ 9 ಯೂನಿಟ್ ಆಯಿತು, ಅಕ್ಟೋಬರಿನ ಒಂದು ಸಂಜೆಗೆ ಧಾರಾಳ. ಗಾಳಿ ಪೂರ್ತಿ ತೆರೆದು ಹಚ್ಚಿ, ಉರಿ ಗಟ್ಟಿಯಾದ ಮೇಲೆ ಸ್ವಲ್ಪ ಇಳಿಸಿ, ಒಂದೂವರೆ ಗಂಟೆಯಲ್ಲಿ ಉರಿದು ಕೆಂಡವಾಗಲು ಬಿಡಿ. ಮತ್ತೆ ಸೌದೆ ತುಂಬಬೇಡಿ. ಎರಕದ ಕಬ್ಬಿಣವೋ ಸೋಪ್‌ಸ್ಟೋನೋ ಆದರೆ ಬೆಂಕಿ ಆರಿದ ಮೇಲೂ ಒಲೆ ಬಹಳ ಹೊತ್ತು ಶಾಖ ಬಿಡುತ್ತಿರುತ್ತದೆ. ಪೈನ್, ಪಾಪ್ಲರ್‌ನಂಥ ಹಗುರ ಮರಗಳನ್ನು ಈ ದಿನಗಳಿಗೆ ಇಟ್ಟುಕೊಳ್ಳಿ. ಓಕ್, ಶುಗರ್ ಮೇಪಲ್ ಜನವರಿಗಿರಲಿ.

ಇನ್ನು ಪಕ್ಕದ ಮನೆಯ ಮಾತು. ಅವರು ಹಚ್ಚಿ ಇಪ್ಪತ್ತು ನಿಮಿಷವಾದ ಮೇಲೆ ಚಿಮಣಿಯ ಬಾಯಿ ನೋಡಿ. ಹೊಗೆ ಕಾಣದಿದ್ದರೆ ಅವರಿಗೆ ಕೆಲಸ ಗೊತ್ತು. ಬೂದುಬಣ್ಣದ ದಟ್ಟ ಹೊಗೆ ಸಂಜೆಯೆಲ್ಲಾ ಬರುತ್ತಿದ್ದರೆ ಅನುಕರಿಸಬೇಡಿ. ಯಜಮಾನರ ಅಕ್ಟೋಬರ್ 15ಕ್ಕೆ ಒಂದು ಉಪಯೋಗವಿದೆ: ಅಷ್ಟರೊಳಗೆ ಚಿಮಣಿ ಗುಡಿಸುವವರನ್ನು ಕರೆಸಿ. ಹೊಸದಾಗಿ ಕೊಂಡ ಮನೆ, ಹಿಂದಿನವರು ಏನು ಸುಟ್ಟಿದ್ದರೋ ನಿಮಗೆ ಗೊತ್ತಿಲ್ಲ. ಮೂರು ಅಂಕಿ ಕೂಡಿಬಂದರೂ ಚಿಮಣಿ ನೋಡಿಸದೆ ಕಡ್ಡಿ ಗೀರಬೇಡಿ.

ಪ್ರಶ್ನೆ: ಕಳೆದ ವಾರ ಮೊದಲ ಸಲ ಹಚ್ಚಿದಾಗ ಹೊಗೆಯೆಲ್ಲಾ ಮನೆಯೊಳಗೇ ನುಗ್ಗಿತು. ಜನವರಿಯಲ್ಲಿ ಇದೇ ಒಲೆ ಚೆನ್ನಾಗಿ ಎಳೆಯುತ್ತಿತ್ತು. ಚಿಮಣಿ ಹೊರಗೋಡೆಗೆ ಹೊಂದಿಕೊಂಡಿದೆ. ಒಲೆ ಕೆಟ್ಟಿದೆಯೇ?
ನ್ಯಾಶುವಾ, ನ್ಯೂ ಹ್ಯಾಂಪ್‌ಶೈರ್

ಉತ್ತರ: ಒಲೆ ಕೆಟ್ಟಿರಲಾರದು. ಕೊಳವೆಯೊಳಗಿನ ಬಿಸಿಗಾಳಿ ಹೊರಗಿನ ತಂಪುಗಾಳಿಗಿಂತ ಹಗುರ ಎಂಬ ಒಂದೇ ಕಾರಣಕ್ಕೆ ಚಿಮಣಿ ಎಳೆಯುತ್ತದೆ. 5 ಮೀಟರ್ ಎತ್ತರದ ಚಿಮಣಿ ತೆಗೆದುಕೊಳ್ಳಿ. ಒಳಗೆ 20 ಡಿಗ್ರಿ, ಹೊರಗೆ 18 ಇದ್ದರೆ ಸಿಗುವ ಎಳೆತ ಅರ್ಧ ಪ್ಯಾಸ್ಕಲ್ಲೂ (ಪ್ಯಾಸ್ಕಲ್ ಎಂದರೆ ಒತ್ತಡದ ಅಳತೆ) ಇಲ್ಲ. ಹೊರಗೆ 0 ಡಿಗ್ರಿಯಾದರೆ ಹಚ್ಚುವ ಮೊದಲೇ ನಾಲ್ಕು ಪ್ಯಾಸ್ಕಲ್ ದಾಟಿರುತ್ತದೆ. ಕೊಳವೆ ಸರಾಸರಿ 150 ಡಿಗ್ರಿಗೆ ಕಾದ ಮೇಲೆ ಹೊರಗೆ 18 ಇದ್ದರೂ ಅದೇ ಚಿಮಣಿ 18 ಪ್ಯಾಸ್ಕಲ್‌ನಷ್ಟು ಎಳೆಯುತ್ತದೆ. ಒಲೆ ಸರಿಯಾಗಿ ಉರಿಯಲು ಬೇಕಾದದ್ದು ಸುಮಾರು 12. ಅಂದರೆ ಇದು ಮೊದಲ ಹತ್ತು ನಿಮಿಷದ ತೊಂದರೆ. ಆ ಹತ್ತು ನಿಮಿಷ ಅಡುಗೆಮನೆಯ ಹೊಗೆ ಫ್ಯಾನ್ ಓಡುತ್ತಿದ್ದರೆ ಅದು ಮನೆಯ ಗಾಳಿಯನ್ನು ಕೆಲವು ಪ್ಯಾಸ್ಕಲ್ ಎಳೆದುಕೊಂಡು ಚಿಮಣಿಯನ್ನು ಸೋಲಿಸಿಬಿಡುತ್ತದೆ. ನಿಮ್ಮದು ಹೊರಗೋಡೆಯ ಚಿಮಣಿ. ರಾತ್ರಿಯ ಚಳಿ ಇಟ್ಟಿಗೆಯಲ್ಲಿ ಬೆಳಿಗ್ಗೆ ಹತ್ತರ ತನಕ ಉಳಿದಿರುತ್ತದೆ. ಹೊರಗೆ ಬಿಸಿಲು ಬಂದಿರುತ್ತದೆ, ಕೊಳವೆಯೊಳಗೆ ಮಾತ್ರ ತಣ್ಣಗಿನ ಭಾರದ ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ.

ಹಚ್ಚುವ ಮೊದಲು ಒಲೆಯ ಬಾಗಿಲು ತೆರೆದು ಒಂದು ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಗೆ ಹೋದರೆ ಹಚ್ಚಬಹುದು. ನಿಮ್ಮ ಮುಖಕ್ಕೆ ಬಂದರೆ ಗಾಳಿ ತಿರುಗಿದೆ ಎಂದರ್ಥ. ಆಗ ಅಡುಗೆಮನೆ, ಬಚ್ಚಲುಮನೆಯ ಫ್ಯಾನ್, ಬಟ್ಟೆ ಡ್ರೈಯರ್ ಎಲ್ಲಾ ಆರಿಸಿ. ಒಲೆ ಇರುವ ಕೋಣೆಯ ಕಿಟಕಿ ಐದು ಸೆಂಟಿಮೀಟರ್ ತೆರೆಯಿರಿ, ಮಹಡಿಯ ಕಿಟಕಿಗಳನ್ನು ಮುಚ್ಚಿ. ಮಹಡಿಯ ಕಿಟಕಿ ತೆರೆದಿದ್ದರೆ ಮನೆಯೇ ಒಂದು ಚಿಮಣಿಯಾಗಿ ಒಲೆಯ ಜೊತೆ ಪೈಪೋಟಿಗೆ ನಿಲ್ಲುತ್ತದೆ; ಒಲೆ ಬೇಸ್‌ಮೆಂಟಿನಲ್ಲಿದ್ದರಂತೂ ಗೆಲ್ಲುವುದು ಮನೆಯೇ. ಆಮೇಲೆ ಹೇರ್ ಡ್ರೈಯರ್ ಅನ್ನು ಒಲೆಯೊಳಗೆ ಮೇಲ್ಮುಖವಾಗಿ ಹಿಡಿದು ಐದರಿಂದ ಹತ್ತು ನಿಮಿಷ ಬಿಸಿಗಾಳಿ ಊದಿ. ಅದಿಲ್ಲದಿದ್ದರೆ ಎರಡು ಹಾಳೆ ಪತ್ರಿಕೆ ಸುರುಳಿ ಮಾಡಿ, ಒಲೆಯ ಮೇಲುಭಾಗದ ಹಲಗೆಯ ಹತ್ತಿರ ಹಿಡಿದು ಸುಡಿ. ಮತ್ತೆ ಊದುಬತ್ತಿ ಹಿಡಿಯಿರಿ. ಹೊಗೆ ತಿರುಗಿದ ಮೇಲಷ್ಟೇ ಸೌದೆಗೆ ಬೆಂಕಿ.

ಸೌದೆ ಜೋಡಿಸುವುದೂ ಊರಿನ ರೀತಿಗೆ ತಲೆಕೆಳಗು. ದಪ್ಪ ಸೀಳು ಎರಡು ಕೆಳಗೆ, ಅದರ ಮೇಲೆ ಅಡ್ಡಲಾಗಿ ಮಧ್ಯಮದವು ಎರಡು, ಅದರ ಮೇಲೆ ಬೆರಳು ಗಾತ್ರದ ಪುಳ್ಳೆ ಹತ್ತು ಹನ್ನೆರಡು ಕಟ್ಟಾಗಿ. ಬೆಂಕಿ ಹಚ್ಚುವುದು ನೆತ್ತಿಗೆ. ಉರಿ ಚಿಮಣಿಗೆ ಹತ್ತಿರವಿರುವುದರಿಂದ ಕೊಳವೆ ಬೇಗ ಕಾಯುತ್ತದೆ, ಕೆಳಗಿನ ಸೌದೆ ನಿಧಾನವಾಗಿ ಹತ್ತುತ್ತದೆ, ಮೊದಲ ಐದು ನಿಮಿಷದ ಹೊಗೆ ಬಹುಪಾಲು ಉರಿಯಲ್ಲೇ ಸುಟ್ಟುಹೋಗುತ್ತದೆ. ಬಾಗಿಲನ್ನು ಒಂದು ಸೆಂಟಿಮೀಟರ್ ಓರೆ ಬಿಟ್ಟಿರಿ, ಆದರೆ ಆ ಹೊತ್ತು ಒಲೆಯ ಮುಂದಿನಿಂದ ಏಳಬೇಡಿ.

ಡಿಸೆಂಬರಿನಲ್ಲೂ ಹೊಗೆ ಬಂದರೆ ಮಾತ್ರ ಚಿಮಣಿಯನ್ನೇ ಶಂಕಿಸಿ. ಅದರ ಬಾಯಿ ಮಾಡನ್ನು ದಾಟುವ ಕಡೆ 3 ಅಡಿಯಾದರೂ ಎತ್ತರವಿರಬೇಕು, 10 ಅಡಿ ಸುತ್ತಿನ ಯಾವುದೇ ಭಾಗಕ್ಕಿಂತ 2 ಅಡಿ ಮೇಲಿರಬೇಕು. ಟೋಪಿಯ ಜಾಲರಿ ಮಸಿಯಿಂದ ಕಟ್ಟಿಕೊಂಡಿರುವುದೂ ಉಂಟು.

ಪ್ರಶ್ನೆ: ಒಲೆಯ ಕೊಳವೆಗೆ ಆಯಸ್ಕಾಂತದ ಥರ್ಮಾಮೀಟರ್ ಅಂಟಿಸಿದ್ದೇನೆ. ಎಷ್ಟು ತೋರಿಸಬೇಕು?
ಮಾಂಟ್ರಿಯಾಲ್

ಉತ್ತರ: ಒಂದೇ ಪದರದ ಕೊಳವೆಯಾದರೆ ಒಲೆಯಿಂದ 45 ಸೆಂಟಿಮೀಟರ್ ಮೇಲೆ ಅಂಟಿಸಿ. 120ರಿಂದ 245 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. 120ರ ಕೆಳಗೆ ಗಂಟೆಗಟ್ಟಲೆ ನಿಂತರೆ ಜಿಡ್ಡು ಕಟ್ಟುತ್ತಿದೆ. 245 ದಾಟಿದರೆ ಶಾಖವೆಲ್ಲಾ ಆಕಾಶಕ್ಕೆ ಹೋಗುತ್ತಿದೆ. ಎರಡು ಪದರದ ಕೊಳವೆಯ ಹೊರಮೈ ಓದಿದರೆ ಏನೂ ತಿಳಿಯುವುದಿಲ್ಲ. ಅದಕ್ಕೆ ಚಿಕ್ಕ ತೂತು ಕೊರೆದು ಒಳಗಿಳಿಸುವ ಕಡ್ಡಿ ಥರ್ಮಾಮೀಟರೇ ಬೇಕು. ಅದು ಹೊಗೆಯ ನಿಜವಾದ ಬಿಸಿ ತೋರಿಸುವುದರಿಂದ ಅಂಕಿ ಸಾಕಷ್ಟು ಮೇಲಿರುತ್ತದೆ, ಗಾಬರಿಯಾಗಬೇಡಿ. ಒಲೆಯಲ್ಲಿ ಹೊಗೆಯನ್ನು ಸುಡುವ ಕೆಟಲಿಟಿಕ್ ಜೇನುಗೂಡು ಇದ್ದರೆ ಅದರ ಥರ್ಮಾಮೀಟರ್ ಸುಮಾರು 260 ಡಿಗ್ರಿ ತಲುಪಿದ ಮೇಲಷ್ಟೇ ಹೊಗೆ ನೇರ ಚಿಮಣಿಗೆ ಹೋಗುವ ಅಡ್ಡಹಾದಿ ಮುಚ್ಚಿ ಹೊಗೆಯನ್ನು ಅದರ ಮೂಲಕ ಬಿಡಬೇಕು. ಮೊದಲೇ ಮುಚ್ಚಿದರೆ ಮಸಿ ಕಟ್ಟಿ ಉಸಿರುಕಟ್ಟುತ್ತದೆ.

ಅಂದಹಾಗೆ, ನಿಮ್ಮ ನಗರದಲ್ಲಿ 2018ರ ಅಕ್ಟೋಬರ್ 1ರಿಂದ ಗಂಟೆಗೆ 2.5 ಗ್ರಾಂಗಿಂತ ಹೆಚ್ಚು ಸೂಕ್ಷ್ಮಕಣ ಬಿಡುವ ಸೌದೆ ಒಲೆಗಳನ್ನು ಬಳಸುವಂತಿಲ್ಲ. ಥರ್ಮಾಮೀಟರಿಗಿಂತ ಮೊದಲು ಒಲೆಯ ಹಿಂದಿರುವ ಲೋಹದ ಪಟ್ಟಿ ಓದಿ. ಹಳೆಯ ಒಲೆಯಾದರೆ ಮೊದಲ ಬೆಂಕಿಯ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: "ಚೆನ್ನಾಗಿ ಒಣಗಿದ್ದು" ಎಂದು ಹೇಳಿ ಸೆಪ್ಟೆಂಬರಿನಲ್ಲಿ ಎರಡು ಕಾರ್ಡ್ (ಇಲ್ಲಿ ಸೌದೆ ಮಾರುವ ಅಳತೆ) ಸೌದೆ ಹಾಕಿಹೋದರು. ಉರಿಸಿದರೆ ತುದಿಯಲ್ಲಿ ನೊರೆ ಬರುತ್ತದೆ, ಸುಯ್ ಎನ್ನುತ್ತದೆ, ಗಾಜು ಅರ್ಧ ಗಂಟೆಯಲ್ಲಿ ಕಪ್ಪು. ಈಗ ಏನು ಮಾಡುವುದು?
ಆ್ಯನ್ ಆರ್ಬರ್, ಮಿಶಿಗನ್

ಉತ್ತರ: ಹಸಿ ಸೌದೆ. ಒಣಗಿದ ಸೌದೆ ಎಂಬ ಮಾತಿಗೆ ಮಾರುವವರ ಬಾಯಲ್ಲಿ ಅಳತೆಯಿಲ್ಲ. ತೇವದ ಮೀಟರ್ ಒಂದನ್ನು ಕೊಳ್ಳಿ, ದುಬಾರಿಯೇನಲ್ಲ. ತುದಿಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಸೌದೆಯನ್ನು ಮನೆಯೊಳಗೆ ಒಂದು ದಿನ ಇಟ್ಟು, ಕೊಡಲಿಯಿಂದ ಹೊಸದಾಗಿ ಸೀಳಿ, ಸೀಳಿದ ಮುಖದ ನಡುಭಾಗದಲ್ಲಿ ನಾರಿನ ಉದ್ದಕ್ಕೆ ಎರಡೂ ಮುಳ್ಳು ಒತ್ತಿ. ತೇವ 20 ಶೇಕಡಕ್ಕಿಂತ ಕಡಿಮೆ ಇದ್ದರೆ ಒಲೆಗೆ ಸೈ. 25 ದಾಟಿದರೆ ಮುಂದಿನ ವರ್ಷಕ್ಕೆ. ರಾಶಿಯ ಬೇರೆ ಬೇರೆ ಕಡೆಯಿಂದ ಐದಾರು ತುಂಡು ನೋಡಿ.

ಮೀಟರ್ ನೀರನ್ನು ಅಳೆಯುವುದು ಒಣ ಮರದ ತೂಕಕ್ಕೆ ಹೋಲಿಸಿ. ಹಾಗಾಗಿ ಅದು 20 ತೋರಿಸುವ ಹತ್ತು ಕಿಲೋ ಸೌದೆಯಲ್ಲೂ ಒಂದೂಮುಕ್ಕಾಲು ಲೀಟರಿಗೆ ಹತ್ತಿರ ನೀರಿರುತ್ತದೆ. 40 ತೋರಿಸಿದರೆ ಮೂರು ಲೀಟರಿಗೆ ಹತ್ತಿರ. ಅಷ್ಟು ನೀರನ್ನು ಆವಿ ಮಾಡಲು ಶಾಖ ಖರ್ಚಾಗುತ್ತದೆ ನಿಜ, ಆದರೆ ದೊಡ್ಡ ನಷ್ಟ ಅದಲ್ಲ. ಒಲೆಯೊಳಗಿನ ಬಿಸಿ ಇಳಿದು, ಮೇಲಿನ ಸಣ್ಣ ತೂತುಗಳಿಂದ ಬರುವ ಎರಡನೇ ಗಾಳಿಗೆ ಹೊಗೆ ಹೊತ್ತಿಕೊಳ್ಳುವುದೇ ಇಲ್ಲ. ಉರಿಯದ ಆ ಹೊಗೆಯೇ ಗಾಜಿನ ಮೇಲೂ ಚಿಮಣಿಯಲ್ಲೂ ಕೂತಿರುವುದು.

ಸೀಳಿ ಪೇರಿಸಿದ ಪೈನ್, ಪಾಪ್ಲರ್ ಒಂದು ಬೇಸಿಗೆಯಲ್ಲಿ ಒಣಗುತ್ತವೆ. ಮೇಪಲ್, ಬರ್ಚ್, ಆ್ಯಶ್‌ಗೆ ಒಂದು ವರ್ಷ ಕೊಡಿ. ಓಕ್ ಎರಡು ವರ್ಷಕ್ಕೆ ಮೊದಲು ಕೈಗೆ ಬರುವುದಿಲ್ಲ. ನಿಮ್ಮ ಕಡೆ ಆ್ಯಶ್ ಧಾರಾಳ ಸಿಗುತ್ತದೆ. 2002ರಲ್ಲಿ ಡೆಟ್ರಾಯ್ಟ್ ಸುತ್ತಮುತ್ತ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆಯಿಂದ ಸತ್ತ ಮರಗಳವು. ಆ್ಯಶ್ ಹಸಿಯಲ್ಲೂ ಉರಿಯುತ್ತದೆ ಎಂಬ ಮಾತು ಅಲ್ಲಿ ಪ್ರಚಲಿತ. ಹಸಿ ಆ್ಯಶ್‌ನಲ್ಲಿ ಬೇರೆ ಮರಗಳಿಗಿಂತ ನೀರು ಕಡಿಮೆ ಎಂಬಷ್ಟು ಮಾತ್ರ ಅದರಲ್ಲಿ ನಿಜ. ಅದೂ 20ಕ್ಕಿಂತ ಮೇಲೆಯೇ. ಅದೇ ಹುಳುವಿನ ಕಾರಣಕ್ಕೆ ದೂರದ ಕ್ಯಾಂಪಿಗೆ ಹೋಗುವಾಗ ಮನೆಯ ಸೌದೆ ಕಾರಿನಲ್ಲಿ ಹಾಕಿಕೊಂಡು ಹೋಗಬೇಡಿ, ಅಲ್ಲೇ ಕೊಳ್ಳಿ.

ಈ ವರ್ಷಕ್ಕೆ ದಾರಿ ಎರಡು. ಅಂಟು ಸೇರಿಸದ, ಒತ್ತಿ ಮಾಡಿದ ಮರದ ಪುಡಿಯ ಇಟ್ಟಿಗೆಗಳು ಸಿಗುತ್ತವೆ. ಒಮ್ಮೆಗೆ ಎರಡು ಮೂರು ಮಾತ್ರ ಹಾಕಿ, ಒಲೆ ತುಂಬಿದರೆ ಅತಿಯಾಗಿ ಕಾಯುತ್ತದೆ. ಇಲ್ಲವೇ ಬಣ್ಣ, ಔಷಧಿ ಹಾಕದ ಒಣ ಪೈನ್ ಹಲಗೆಯ ತುಂಡುಗಳನ್ನು ಮರಗೆಲಸದವರಿಂದ ತನ್ನಿ. ಹಸಿರು ಛಾಯೆಯ ಹಳೇ ಡೆಕ್ ಹಲಗೆ, ಪ್ಲೈವುಡ್ ಕಡೆಗೆ ನೋಡಲೂಬೇಡಿ; ಹಿಂದಿನ ಕಾಲದ ಡೆಕ್ ಹಲಗೆಗಳಲ್ಲಿ ಆರ್ಸೆನಿಕ್ ಇರುತ್ತದೆ. ನಿಮ್ಮ ಎರಡು ಕಾರ್ಡನ್ನು ದಪ್ಪವಿದ್ದರೆ ಮತ್ತೊಮ್ಮೆ ಸೀಳಿ, ನೆಲದಿಂದ ಹತ್ತು ಸೆಂಟಿಮೀಟರ್ ಮೇಲೆ ಒಂಟಿ ಸಾಲಿನಲ್ಲಿ ಗಾಳಿಗೆ ಮುಖಮಾಡಿ ಪೇರಿಸಿ, ನೆತ್ತಿ ಮಾತ್ರ ಮುಚ್ಚಿ. ಸುತ್ತಲೂ ಟಾರ್ಪಾಲಿನ್ ಹೊದಿಸಿದರೆ ಬೂಷ್ಟು ಹಿಡಿಯುತ್ತದೆ.

ಪೇರಿಸುವಾಗ ಅಳತೆಯನ್ನೂ ನೋಡಿಬಿಡಿ. ಪೂರ್ತಿ ಕಾರ್ಡ್ ಎಂದರೆ 4 ಅಡಿ, 4 ಅಡಿ, 8 ಅಡಿ, ಒಟ್ಟು 128 ಘನ ಅಡಿ. ಫೇಸ್ ಕಾರ್ಡ್ ಎಂದು ಮಾರುವುದು 16 ಅಂಗುಲ ಉದ್ದದ ತುಂಡುಗಳ ಒಂಟಿ ಸಾಲು. ಅದು ಪೂರ್ತಿ ಕಾರ್ಡಿನ ಮೂರನೇ ಒಂದು ಭಾಗ. ಹಸಿಯೂ ಹೌದು, ಕಡಿಮೆಯೂ ಹೌದು ಎಂದಾದರೆ ಮುಂದಿನ ವರ್ಷ ಬೇರೆಯವರನ್ನು ಹುಡುಕಿ, ಮಾರ್ಚ್‌ನಲ್ಲೇ ಹುಡುಕಿ.

ಪ್ರಶ್ನೆ: ಚಿಮಣಿ ಗುಡಿಸುವವರನ್ನು ಪ್ರತಿ ವರ್ಷ ಕರೆಯಲೇಬೇಕೆ? ವಾರಕ್ಕೆ ಎರಡು ಸಂಜೆ ಮಾತ್ರ ಉರಿಸುತ್ತೇವೆ. ಬಾಡಿಗೆ ಮನೆ.
ಲೀಡ್ಸ್, ಇಂಗ್ಲೆಂಡ್

ಉತ್ತರ: ಕರೆಯಲೇಬೇಕು. ಕಡಿಮೆ ಉರಿಸುವ ಮನೆಗಳಲ್ಲಿ ಮಸಿಗಿಂತ ದೊಡ್ಡ ಅಪಾಯ ಜಾಕ್‌ಡಾ ಕಾಗೆಗಳದು. ವಸಂತದಲ್ಲಿ ಅವು ಚಿಮಣಿಯೊಳಗೆ ಕಡ್ಡಿ ಬೀಳಿಸುತ್ತಾ ಹೋಗುತ್ತವೆ, ಮಾರುದ್ದದ ರಾಶಿಯಾದರೂ ಬಿಡುವುದಿಲ್ಲ. ಕೆಳಗಿನಿಂದ ನೋಡಿದರೆ ಏನೂ ಕಾಣದು. ಮೊದಲ ಬೆಂಕಿಯ ಹೊಗೆ, ಅದರ ಜೊತೆಗೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್, ಕೋಣೆಗೇ ಮರಳುತ್ತದೆ. ಅಮೆರಿಕದ ಓದುಗರಿಗೆ ಇದೇ ಜಾಗದಲ್ಲಿ ಚಿಮಣಿ ಸ್ವಿಫ್ಟ್ ಹಕ್ಕಿ ಎದುರಾಗುತ್ತದೆ. ಅದರ ಗೂಡಿಗೆ 1918ರ ವಲಸೆ ಹಕ್ಕಿಗಳ ಕಾಯಿದೆಯ ರಕ್ಷಣೆಯಿದೆ, ಹಕ್ಕಿಗಳು ದಕ್ಷಿಣ ಅಮೆರಿಕಕ್ಕೆ ಹೊರಟ ಮೇಲೆಯೇ ಗುಡಿಸಬೇಕು. ಒಳಗೆ ಚಿಲಿಪಿಲಿ ಕೇಳುತ್ತಿರುವಾಗ ಒಲೆ ಹಚ್ಚುವಂತಿಲ್ಲ.

ನಿಮ್ಮದು ಬಾಡಿಗೆ ಮನೆಯಾದ್ದರಿಂದ ಸೌದೆ ಒಲೆಯಿರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇಡಿಸುವುದು 2015ರಿಂದ ಮಾಲೀಕರ ಕಾನೂನುಬದ್ಧ ಹೊಣೆ. ಇಲ್ಲದಿದ್ದರೆ ಕೇಳಿ ಪಡೆಯಿರಿ. ಒಲೆಯಿಂದ ಅಡ್ಡಳತೆಯಲ್ಲಿ 1ರಿಂದ 3 ಮೀಟರ್ ದೂರ. ಚಾವಣಿಯಲ್ಲಾದರೆ ಗೋಡೆಯಿಂದ 30 ಸೆಂಟಿಮೀಟರ್ ಬಿಟ್ಟು, ಗೋಡೆಯಲ್ಲಾದರೆ ಚಾವಣಿಯಿಂದ 15 ಸೆಂಟಿಮೀಟರ್ ಕೆಳಗೆ. ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಸೌದೆ ಕೊಳ್ಳುವಾಗ "ರೆಡಿ ಟು ಬರ್ನ್" ಗುರುತು ನೋಡಿ. 2021ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಎರಡು ಘನ ಮೀಟರಿಗಿಂತ ಕಡಿಮೆ ಮಾರುವ ಸೌದೆಯಲ್ಲಿ ತೇವ 20 ಶೇಕಡ ಮೀರುವಂತಿಲ್ಲ.

ಗುಡಿಸುವವರು ಬರುವ ಮೊದಲು ನೀವೇ ನೋಡಬಹುದಾದ ಮೂರು ಜಾಗಗಳಿವೆ. ಮೊದಲನೆಯದು ಬಾಗಿಲಿನ ಸುತ್ತಲಿನ ಗ್ಯಾಸ್ಕೆಟ್ ಹಗ್ಗ. ಒಂದು ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ, ಸುತ್ತಲೂ ಆರೇಳು ಕಡೆ. ತಡೆಯಿಲ್ಲದೆ ಜಾರಿ ಬಂದ ಕಡೆ ಗಾಳಿ ನುಗ್ಗುತ್ತಿದೆ. ಮೊದಲು ಬಾಗಿಲಿನ ಹಿಡಿಯನ್ನು ಬಿಗಿ ಮಾಡಿ ನೋಡಿ. ಆಗದಿದ್ದರೆ ಹಳೇ ಹಗ್ಗ ಕಿತ್ತು, ಕಾಲುವೆಯನ್ನು ಕೆರೆದು ಸ್ವಚ್ಛ ಮಾಡಿ, ಶಾಖ ತಡೆಯುವ ಅಂಟು ಹಚ್ಚಿ, ಒಲೆಯ ಕೈಪಿಡಿ ಹೇಳುವ ದಪ್ಪದ ಹೊಸ ಹಗ್ಗ ಕೂರಿಸಿ. ಹಗ್ಗವನ್ನು ಜಗ್ಗಿ ಎಳೆದು ಕೂರಿಸಬೇಡಿ, ತೆಳ್ಳಗಾಗಿ ಮತ್ತೆ ಸಂದು ಬಿಡುತ್ತದೆ. ಬಾಗಿಲು ಮುಚ್ಚಿ ಒಂದು ದಿನ ಒಣಗಲಿ. ಎರಡನೆಯದು ಒಳಗಿನ ಮೇಲು ಹಲಗೆ. ಬಹಳಷ್ಟು ಒಲೆಗಳಲ್ಲಿ ಅದು ವರ್ಮಿಕ್ಯುಲೈಟಿನದು. ಸೌದೆ ಎಸೆದರೆ ಒಡೆಯುತ್ತದೆ, ಒಡೆದರೆ ಉರಿ ನೇರ ಚಿಮಣಿಗೆ ಹೋಗುತ್ತದೆ. ಅದರ ಬೆನ್ನ ಮೇಲೆ ಬೇಸಿಗೆಯಲ್ಲಿ ಉದುರಿದ ಮಸಿ ಕೂತಿರುತ್ತದೆ, ಅದನ್ನೂ ತೆಗೆಯಬೇಕು. ಮೂರನೆಯದು ಇಟ್ಟಿಗೆಗಳು. ಕೂದಲೆಳೆಯ ಬಿರುಕಿಗೆ ಏನೂ ಆಗದು, ತುಂಡು ಕಳಚಿ ಕಬ್ಬಿಣ ಕಂಡರೆ ಬದಲಿಸಿ.

ಉಳಿದದ್ದು ಗುಡಿಸುವವರ ಕೆಲಸ. ಎಷ್ಟು ಮಸಿ ಬಂತು, ಹೇಗಿತ್ತು ಎಂದು ಕೇಳಿ. ಒಣ ಪುಡಿಯಾದರೆ ಚಿಂತೆಯಿಲ್ಲ. ಹೊಳೆಯುವ ಗಾಜಿನಂಥ ಕಪ್ಪು ಪದರ ಎಂದರೆ ನಿಮ್ಮ ಸೌದೆ ಹಸಿ ಅಥವಾ ಬೆಂಕಿ ಮಂದ. ಆ ಪದರ ಸಾಮಾನ್ಯ ಕುಂಚಕ್ಕೆ ಬರುವುದಿಲ್ಲ.

ಪ್ರಶ್ನೆ: ಪ್ರತಿ ವರ್ಷ ಮೊದಲ ಬೆಂಕಿಗೆ ಮನೆಯೆಲ್ಲಾ ಸುಟ್ಟ ವಾಸನೆ, ಹೊಗೆ ಅಲಾರ್ಮ್ ಕೂಗುತ್ತದೆ. ಅಪಾಯವೇ?
ರಾಚೆಸ್ಟರ್, ಮಿನೆಸೋಟ

ಉತ್ತರ: ಆರು ತಿಂಗಳ ಧೂಳು ಸುಡುವ ವಾಸನೆ. ಹಚ್ಚುವ ಹಿಂದಿನ ದಿನ ಒಲೆಯ ಹೊರಮೈ, ಕೊಳವೆ, ಹಿಂಬದಿಯ ಫ್ಯಾನ್ ಒರೆಸಿಬಿಡಿ, ಅರ್ಧ ಹೋಗುತ್ತದೆ. ಹೊಸದಾಗಿ ಬಣ್ಣ ಹೊಡೆದ ಒಲೆಯಾದರೆ ಬಣ್ಣ ಪಾಕಕ್ಕೆ ಬರಲು ಮೂರು ಬೆಂಕಿ ಬೇಕು: ಮೊದಲು ಪುಳ್ಳೆ ಮಾತ್ರ, ಪೂರ್ತಿ ತಣಿದ ಮೇಲೆ ಸ್ವಲ್ಪ ದೊಡ್ಡದು, ಮತ್ತೆ ತಣಿದ ಮೇಲೆ ಮಾಮೂಲಿನದು. ಆ ದಿನ ಕಿಟಕಿ ತೆರೆದಿಡಿ, ಪಂಜರದ ಹಕ್ಕಿಗಳಿದ್ದರೆ ಬೇರೆ ಕೋಣೆಗೆ ಸಾಗಿಸಿ. ಹೊಗೆ ಅಲಾರ್ಮ್ ಕೂಗಿದರೆ ಗಾಳಿಯಾಡಿಸಿ; ಬ್ಯಾಟರಿ ಮಾತ್ರ ಕೀಳಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕೂಗಿದರೆ ಅದು ಧೂಳಲ್ಲ. ಎಲ್ಲರೂ ಹೊರಗೆ ಬನ್ನಿ, ಆಮೇಲೆ 911.

ಪ್ರಶ್ನೆ: ದೀಪಾವಳಿಗೆ ನೆಂಟರು ಬರುತ್ತಾರೆ. ಹಾಲಿನ ಫೈರ್‌ಪ್ಲೇಸ್ ಹಚ್ಚೋಣ ಎಂದಿದ್ದೇವೆ. ತೊಂದರೆಯಿಲ್ಲ ತಾನೆ?
ಫ್ರೀಮಾಂಟ್, ಕ್ಯಾಲಿಫೋರ್ನಿಯ

ಉತ್ತರ: ಆ ದಿನ ಬೆಳಿಗ್ಗೆ ಬೇ ಏರಿಯಾದ ವಾಯುಗುಣಮಟ್ಟ ಇಲಾಖೆ "ಸ್ಪೇರ್ ದಿ ಏರ್" ಎಚ್ಚರಿಕೆ ಕೊಟ್ಟಿದೆಯೇ ನೋಡಿ. ಕೊಟ್ಟಿದ್ದರೆ ಸೌದೆ ಸುಡುವುದು ಕಾನೂನುಬಾಹಿರ. 2008ರಲ್ಲಿ ಚಳಿಗಾಲಕ್ಕೆಂದು ಬಂದ ನಿಯಮ 2019ರಿಂದ ವರ್ಷವಿಡೀ ಅನ್ವಯ. ಗಾಳಿ ಅಲುಗದ ತಂಪು ಸಂಜೆಗಳಲ್ಲಿ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕೂತು, ಕಣಿವೆಯ ಹೊಗೆ ಅಲ್ಲೇ ನಿಲ್ಲುತ್ತದೆ. ಎಚ್ಚರಿಕೆ ಇಲ್ಲದಿದ್ದರೂ ತೆರೆದ ಫೈರ್‌ಪ್ಲೇಸಿನಿಂದ ಮನೆ ಬೆಚ್ಚಗಾಗುವುದೆಂದು ಎಣಿಸಬೇಡಿ. ಮನೆಯ ಬಿಸಿಗಾಳಿಯನ್ನೇ ಅದು ಚಿಮಣಿಗೆ ಎಳೆದುಕೊಳ್ಳುತ್ತದೆ. ಹಬ್ಬಕ್ಕೆ ಹಣತೆ ಸಾಕು.

ಪ್ರಶ್ನೆ: ನಮ್ಮದು ಎಸ್ಟೇಟಿನ ಹಳೇ ಬಂಗಲೆ, ತೆರೆದ ಅಗ್ಗಿಷ್ಟಿಕೆ ಇದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಚ್ಚಿದರೆ ಮೊದಲ ವಾರವೆಲ್ಲಾ ಹೊಗೆ. ಅತಿಥಿಗಳಿಗೆ ಕೋಣೆ ಕೊಡುವ ಹಾಗಿಲ್ಲ.
ಮಡಿಕೇರಿ

ಉತ್ತರ: ನಿಮ್ಮ ಕಡೆ ಮೊದಲ ಬೆಂಕಿ ಜೂನಿನದು, ಚಳಿಗಿಂತ ತೇವವೇ ಅದಕ್ಕೆ ಕಾರಣ. ಆದ್ದರಿಂದ ಹಚ್ಚುವ ದಿನವನ್ನು ಮಳೆ ನಿರ್ಧರಿಸಲು ಬಿಡಬೇಡಿ. ಮೇ ಕೊನೆಯ ವಾರ, ಇಟ್ಟಿಗೆ ಇನ್ನೂ ಒಣಗಿರುವಾಗಲೇ, ಎರಡು ಮೂರು ಸಂಜೆ ಚಿಕ್ಕ ಬೆಂಕಿ ಮಾಡಿ ಚಿಮಣಿಯನ್ನು ಕಾಯಿಸಿ. ಮಳೆ ನೀರು ಕುಡಿದ ಚಿಮಣಿಯನ್ನು ಕಾಯಿಸುವುದು ಕಷ್ಟ. ಕೊಟ್ಟ ಶಾಖವೆಲ್ಲಾ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಚಿಮಣಿಯ ಬಾಯಿಗೆ ಕಲ್ಲಿನದೋ ತಗಡಿನದೋ ಟೋಪಿ ಇಲ್ಲದಿದ್ದರೆ ಬರುವ ಬೇಸಿಗೆಯಲ್ಲಿ ಹಾಕಿಸಿ. ಟೋಪಿಯ ಕೆಳಗೆ ಸುತ್ತಲೂ ಗಾಳಿಯಾಡುವ ಜಾಗ ಧಾರಾಳ ಇರಲಿ.

ಅಳತೆಯನ್ನೂ ಒಮ್ಮೆ ನೋಡಿ. ಚಿಮಣಿ 15 ಅಡಿಗಿಂತ ಎತ್ತರವಿದ್ದರೆ ಅದರ ಒಳಗಂಡಿಯ ವಿಸ್ತೀರ್ಣ ಅಗ್ಗಿಷ್ಟಿಕೆಯ ಬಾಯಿಯ ಹತ್ತನೇ ಒಂದಾದರೂ ಇರಬೇಕು, ಗಿಡ್ಡವಾದರೆ ಎಂಟನೇ ಒಂದು. ಬಾಯಿ 36 ಅಂಗುಲ ಅಗಲ, 30 ಅಂಗುಲ ಎತ್ತರ ಎಂದಿಟ್ಟುಕೊಳ್ಳಿ. 1080 ಚದರ ಅಂಗುಲ. ಗಂಡಿ 108 ಬೇಕು. ಒಳಗೆ 9 ಅಂಗುಲ ಚೌಕ ಮಾತ್ರ ಇದ್ದರೆ 81, ಸಾಲದು. ಚಿಮಣಿ ಒಡೆದು ಕಟ್ಟಬೇಕಿಲ್ಲ. ಬಾಯಿಯ ಮೇಲಂಚಿಗೆ ಏಳೆಂಟು ಅಂಗುಲದ ತಗಡನ್ನು ತಾತ್ಕಾಲಿಕವಾಗಿ ಅಡ್ಡ ಹಿಡಿದು ನೋಡಿ. ಹೊಗೆ ನಿಂತ ಎತ್ತರಕ್ಕೆ ತಾಮ್ರದ್ದೋ ಕಬ್ಬಿಣದ್ದೋ ಪಟ್ಟಿ ಕಾಯಂ ಮಾಡಿಸಿ. ಈ ಲೆಕ್ಕದಲ್ಲಿ ಬಾಯಿಯ ಎತ್ತರ 22 ಅಂಗುಲಕ್ಕೆ ಇಳಿಯಬೇಕು. ಅಷ್ಟು ಮುಚ್ಚುವುದು ಕಣ್ಣಿಗೆ ಚೆನ್ನಾಗಿರದಿದ್ದರೆ ಬೆಂಕಿ ಉರಿಸುವ ತಳವನ್ನೇ ಇಟ್ಟಿಗೆ ಹಾಕಿ ಎತ್ತರಿಸಿ, ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಎಂದು ಹಂಚಿಕೊಳ್ಳಿ.

ಸೌದೆಯ ಮಾತು ಮಲೆನಾಡಿನವರಿಗೆ ಹೇಳಬೇಕಾದ್ದಿಲ್ಲ, ಆದರೂ ಒಂದು ಅಂಕಿ. ಗಾಳಿಯ ತೇವ 90 ಶೇಕಡ ಇದ್ದಲ್ಲಿ ಎಷ್ಟೇ ಒಣಗಿದ ಸೌದೆಯೂ ಕ್ರಮೇಣ 20ರ ತೇವಕ್ಕೆ ಬಂದು ನಿಲ್ಲುತ್ತದೆ. ಜುಲೈನಲ್ಲಿ ಕೊಟ್ಟಿಗೆಯ ಸೌದೆ ನೆನೆಯದಿದ್ದರೂ ಮೆತ್ತಗಾಗುವುದು ಇದಕ್ಕೇ. ಜನವರಿ, ಫೆಬ್ರವರಿಯಲ್ಲಿ ಸೀಳಿ, ಏಪ್ರಿಲ್ ಮುಗಿಯುವವರೆಗೆ ಬಿಸಿಲಿಗಿಟ್ಟು, ಮುಂಗಾರಿನ ಮೊದಲ ಹನಿಗೆ ಮುಂಚೆ ಒಳಗೆ ಹಾಕಿ. ಒಂದು ವಾರಕ್ಕಾಗುವಷ್ಟನ್ನು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡಿ. ಅಗ್ಗಿಷ್ಟಿಕೆಯ ಪಕ್ಕ ಇಡುವುದಾದರೆ ಮೂರು ಅಡಿ ದೂರವಿರಲಿ. ಸಿಲ್ವರ್ ಓಕ್ ಹಚ್ಚಲು ಒಳ್ಳೆಯದು, ಬೇಗ ಬೂದಿಯಾಗುತ್ತದೆ. ಕೆಂಡ ನಿಲ್ಲಬೇಕಾದರೆ ಕಾಫಿ ಗಿಡದ ಬೊಡ್ಡೆ ಬೇಕು.

ಪ್ರಶ್ನೆ: ಹೋದ ಚಳಿಗಾಲದ ಬೂದಿ ಒಲೆಯಲ್ಲೇ ಇದೆ. ಅದರ ಮೇಲೆಯೇ ಹಚ್ಚಬಹುದೇ? ತೆಗೆದರೆ ಗುಲಾಬಿಗೆ ಹಾಕಬಹುದೇ?
ಆಟವಾ

ಉತ್ತರ: ಮೇ ತಿಂಗಳಲ್ಲೇ ತೆಗೆಯಬೇಕಿತ್ತು. ಬೂದಿ ಬೇಸಿಗೆಯ ತೇವ ಹೀರಿಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಈಗ ಪೂರ್ತಿ ತೆಗೆದು, ತಳದ ಮೂಲೆಗಳನ್ನು ಟಾರ್ಚ್ ಬಿಟ್ಟು ನೋಡಿ. ಚಳಿಗಾಲದಲ್ಲಿ ಮಾತ್ರ ಎರಡೂವರೆ ಸೆಂಟಿಮೀಟರ್ ಬೂದಿ ಬಿಟ್ಟು ಉಳಿದದ್ದನ್ನು ತೆಗೆಯುತ್ತಿರಿ. ಆ ಹಾಸಿಗೆಯ ಮೇಲೆ ಕೆಂಡ ನಿಲ್ಲುತ್ತದೆ.

ಗುಲಾಬಿಗೆ ವರ್ಷಕ್ಕೊಮ್ಮೆ ತೆಳ್ಳಗೆ ಉದುರಿಸಿ. ಬೂದಿ ಸುಣ್ಣದ ಹಾಗೆ ಮಣ್ಣಿನ ಹುಳಿ ಕಳೆಯುತ್ತದೆ, ಆದ್ದರಿಂದ ಬ್ಲೂಬೆರ್ರಿ, ಅಜೇಲಿಯ ಬುಡಕ್ಕೆ ಬೇಡ. ಈಗಿನ ಬೂದಿ ತಣ್ಣಗಿದೆ, ಮುಂದಿನದು ಹಾಗಿರುವುದಿಲ್ಲ. ಬೂದಿಯೊಳಗೆ ಹೂತ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ಲೋಹದ ಬಕೆಟ್‌ಗೇ ತುಂಬಿ, ಮನೆಯಿಂದ ದೂರ ಕಲ್ಲು ಅಥವಾ ಬರಿ ನೆಲದ ಮೇಲಿಡಿ. ಮರದ ಡೆಕ್ ಮೇಲೆ, ಗ್ಯಾರೇಜಿನಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಡಿ. ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಲೂಬೇಡಿ.